ಚೀನಾದ ದೊಡ್ಡವರಿಗೆ ಇಂಗ್ಲಿಷ್ ಓದಿನ ಪರೀಕ್ಷೆ: ಯಾವುದು ಯಾರಿಗೆ ಸರಿ?

ಎರಡು ತಿಂಗಳಲ್ಲಿ ಮೂರು ಜನ ನನಗೆ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಬೆಂಗಳೂರಿನ ಕಂಪನಿಯೊಂದರಲ್ಲಿ ಟ್ರೈನಿಂಗ್ ನೋಡಿಕೊಳ್ಳುವವರು. ಅವರ ಟೀಮಿನ ಅರ್ಧ ಜನ ಚೀನಾದ ಶೆಂಜೆನ್‌ನಲ್ಲಿದ್ದಾರೆ. ಇನ್ನೊಬ್ಬಳು ಇದೇ ವಿಷಯ ಹಿಡಿದು ಪಿಎಚ್‌ಡಿ ಶುರು ಮಾಡಿರುವ ಹುಡುಗಿ. ಮೂರನೆಯವರು ಗಂಡನ ಕೆಲಸಕ್ಕೆಂದು ಶಾಂಘೈಗೆ ಹೋದ ಹಾಸನದ ಕಡೆಯವರು, ಪಕ್ಕದ ಮನೆಯ ಚೀನೀ ಅಜ್ಜಿಗೆ ಸಂಜೆ ಹೊತ್ತು ಸುಮ್ನೆ ಪ್ರೀತಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ. ಮೂವರದ್ದೂ ಒಂದೇ ತಲೆನೋವು. ಇಂಗ್ಲಿಷ್ ಕಲಿಯುವ ಈ ವಯಸ್ಕ ಚೀನೀಯರಿಗೆ ಓದಿದ್ದು ಅರ್ಥವಾಗುತ್ತಿದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ? ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಬರೆಸೋದಾ, ಆಫೀಸಿನ ಇಂಗ್ಲಿಷ್ ಅಳೆಯುವ ಟೋಯಿಕ್ ಸಾಕಾ, ನಾವೇ ಒಂದು ಪ್ರಶ್ನೆಪತ್ರಿಕೆ ಮಾಡೋದಾ?

ನಾನು ಮೂರು ವರ್ಷ ಚೀನಾದ ಸುಝೌನಲ್ಲಿದ್ದೆ. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅನ್ನೋ ಒಂದೇ ತಪ್ಪಿಗೆ, ಅಲ್ಲಿನ ಎಂಜಿನಿಯರ್‌ಗಳಿಗೆ ಇಂಗ್ಲಿಷ್ ಮ್ಯಾನ್ಯುಯಲ್ ಓದಿಸುವ ಕೆಲಸವೂ ನನ್ನ ತಲೆಗೇ ಬಂತು. ಮೊದಲ ಪರೀಕ್ಷೆ ನಾನೇ ಮಾಡಿದೆ. ನಾಲ್ಕು ಆಯ್ಕೆಯ ಪ್ರಶ್ನೆಗಳು, ಒಟ್ಟು ಇಪ್ಪತ್ತು. ಎಲ್ಲರಿಗೂ ಹದಿನೈದರ ಮೇಲೆ ಬಂತು. ನಾನು ಖುಷಿಯಾಗಿ ಮೇಲಿನವರಿಗೆ ವರದಿ ಕಳಿಸಿಬಿಟ್ಟೆ.

ಆ ಪರೀಕ್ಷೆಯಲ್ಲಿ ಓದಲು ಕೊಟ್ಟ ಪಾಠದಲ್ಲಿ ಒಂದು ವಾಕ್ಯ ಹೀಗಿತ್ತು: "ಡು ನಾಟ್ ರೀಸ್ಟಾರ್ಟ್ ದಿ ಪಂಪ್ ಅನ್‌ಲೆಸ್ ದಿ ಡ್ರೈನ್ ವಾಲ್ವ್ ಈಸ್ ಕ್ಲೋಸ್ಡ್." ವಾಲ್ವ್ ಮುಚ್ಚದೆ ಪಂಪ್ ಹಾಕಬೇಡಿ ಅಂತ. ನಾನು ಕೇಳಿದ ಪ್ರಶ್ನೆ, ಈ ಸೂಚನೆ ಯಾವುದರ ಬಗ್ಗೆ ಅಂತ. ಎಲ್ಲರೂ ಸರಿಯಾಗಿ ಟಿಕ್ ಮಾಡಿದ್ದರು. ವಾರದ ಮೇಲೆ ಚಹಾ ಕುಡಿಯುತ್ತಾ, ಹದಿನೆಂಟು ಅಂಕ ತೆಗೆದಿದ್ದ ಒಬ್ಬರಿಗೆ ಅದೇ ವಾಕ್ಯ ತೋರಿಸಿ, ಇದನ್ನು ಚೀನೀ ಭಾಷೆಯಲ್ಲಿ ಪಕ್ಕದವರಿಗೆ ಹೇಳಿ ಅಂದೆ. ಅವರು ಹೇಳಿದ್ದು: "ಡ್ರೈನ್ ವಾಲ್ವ್ ಮುಚ್ಚಿದ್ದರೆ ಪಂಪ್ ಹಾಕಬೇಡಿ." ಪೂರ್ತಿ ಉಲ್ಟಾ! ಪಕ್ಕದಲ್ಲಿದ್ದವರೂ ಹೌದು ಹೌದು ಅಂತ ತಲೆಯಾಡಿಸಿದರು. ನನ್ನ ಪರೀಕ್ಷೆ ಅವರ ಓದನ್ನು ಅಳೆದೇ ಇರಲಿಲ್ಲ.

ಆಮೇಲೆ ನನಗೆ ಗೊತ್ತಾದ ಒಂದು ವಿಷಯ ಇದೆ. ಚೀನಾದಲ್ಲಿ ಬೆಳೆದವರು ಪರೀಕ್ಷೆ ಬರೆಯುವುದರಲ್ಲಿ ನಮ್ಮ ಸಿಇಟಿ ಹುಡುಗರಿಗಿಂತಲೂ ಪಳಗಿದವರು. ಹಳೇ ಪ್ರಶ್ನೆಪತ್ರಿಕೆ ತಿಕ್ಕಿ ತಿಕ್ಕಿ ಅಭ್ಯಾಸ ಮಾಡೋದಕ್ಕೆ ಅವರಲ್ಲಿ 'ಷ್ವಾ ಥೀ' ಅಂತ ಹೆಸರೇ ಇದೆ, ಅಂದರೆ ಪ್ರಶ್ನೆಗಳನ್ನು ಬ್ರಷ್ ಹಾಕಿ ಉಜ್ಜೋದು. ಉತ್ತರ ಊಹಿಸಲು ಪ್ರಾಸವೂ ಇದೆ: ಮೂರು ಉದ್ದ ಒಂದು ಗಿಡ್ಡ ಇದ್ದರೆ ಗಿಡ್ಡದ್ದನ್ನು ಆರಿಸು, ಮೂರು ಗಿಡ್ಡ ಒಂದು ಉದ್ದ ಇದ್ದರೆ ಉದ್ದದ್ದನ್ನು ಆರಿಸು. ನಗಬೇಡಿ. ನನ್ನ ಪತ್ರಿಕೆಗೆ ಆ ಪ್ರಾಸ ಹಾಕಿ ನೋಡಿದೆ, ಇಪ್ಪತ್ತರಲ್ಲಿ ಒಂಬತ್ತು ಸರಿ ಬಂತು.

ಮೊದಲು ಇಷ್ಟು ಕೇಳಿಕೊಳ್ಳಿ

ಪರೀಕ್ಷೆ ಹುಡುಕುವ ಮುಂಚೆ, ಫಲಿತಾಂಶ ಬಂದ ಮೇಲೆ ಏನು ಮಾಡುತ್ತೀರಿ ಅನ್ನೋದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ವೀಸಾಗೋ ಕಾಲೇಜಿಗೋ ಕೊಡಬೇಕಾ? ಯಾರನ್ನು ಯಾವ ಬ್ಯಾಚಿಗೆ ಹಾಕೋದು ಅಂತ ನೋಡಬೇಕಾ? ಎಲ್ಲಿ ಎಡವುತ್ತಾರೆ ಅಂತ ತಿಳಿಯಬೇಕಾ? ಇದೊಂದು ಸ್ಪಷ್ಟವಾದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಎರಡನೆಯದು, ಅವರು ದಿನಾ ಓದಬೇಕಾದ್ದು ಏನು. ಇಮೇಲ್ ಓದುವವರಿಗೆ ಪೆಂಗ್ವಿನ್‌ಗಳ ವಲಸೆ ಬಗ್ಗೆ ಮೂರು ಪುಟ ಕೊಟ್ಟು ಏನು ಪ್ರಯೋಜನ?

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಓದದೆ ಉತ್ತರ ಬರೆಯಬಹುದಾ? ಇದು ಪರೀಕ್ಷೆಯ ಚಾಲಾಕಿತನದ ಮಾತಷ್ಟೇ ಅಲ್ಲ. ದೊಡ್ಡವರಿಗೆ ಲೋಕಜ್ಞಾನ ಜಾಸ್ತಿ. ಬ್ಯಾಟರಿ ಕಂಪನಿಯಲ್ಲಿ ಹತ್ತು ವರ್ಷ ಇದ್ದವರಿಗೆ ಲಿಥಿಯಂ ಬಗ್ಗೆ ಪಾಠ ಕೊಟ್ಟರೆ ಕಣ್ಣು ಮುಚ್ಚಿ ಉತ್ತರ ಹೇಳುತ್ತಾರೆ. ಅದು ಇಂಗ್ಲಿಷ್ ಅಲ್ಲ, ಅನುಭವ.

ಆಮೇಲೆ, ತಪ್ಪು ಉತ್ತರ ನಿಮಗೆ ಏನು ಹೇಳುತ್ತದೆ? ಪದ ಗೊತ್ತಿಲ್ಲವಾ, ವಾಕ್ಯ ಬಿಡಿಸಲು ಬರಲಿಲ್ಲವಾ, ಸಮಯ ಸಾಲಲಿಲ್ಲವಾ? ಕೊನೆಗೆ ದುಡ್ಡು ಮತ್ತು ತಿದ್ದುವವರು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.

ಇವರು ವಾಕ್ಯದಲ್ಲಿ ಎಲ್ಲಿ ಎಡವುತ್ತಾರೆ ಅಂತ ಊಹಿಸಲು ಕನ್ನಡದವರಾದ ನಮಗೆ ಒಂದು ಅನುಕೂಲ ಇದೆ. 'ನಿನ್ನೆ ಬಂದ ಹುಡುಗ' ಅಂತ ನಾವು ಹೇಳುತ್ತೇವಲ್ಲ, ಚೀನೀ ಭಾಷೆಯಲ್ಲೂ ಹಾಗೇ. ಬಂದ ವಿಷಯ ಮೊದಲು, ಹುಡುಗ ಆಮೇಲೆ. ಇಂಗ್ಲಿಷ್‌ನಲ್ಲಿ ಹುಡುಗ ಮೊದಲು ಬಂದು, ಅವನ ಪುರಾಣವೆಲ್ಲ ಬಾಲದಂತೆ ಹಿಂದೆ ಬರುತ್ತದೆ. 'ಸಪ್ಲೈಯರ್ ಸೋಮವಾರ ಕಳಿಸಿದೆ ಅಂತ ಹೇಳಿದ ಸರಕು' ಅನ್ನೋದು ಇಂಗ್ಲಿಷ್‌ನಲ್ಲಿ ಬಂದಾಗ ಯಾರು ಹೇಳಿದ್ದು, ಯಾರು ಕಳಿಸಿದ್ದು, ಯಾವಾಗ ಅನ್ನೋದು ಕಲಸಿಹೋಗುತ್ತದೆ. ಅದರ ಮೇಲೆ ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಹಾಗಾಗಿ 'ಹ್ಯಾಡ್ ಲೆಫ್ಟ್', 'ವುಡ್ ಲೀವ್' ಎರಡನ್ನೂ ಒಂದೇ ಅಂತ ಓದಿ ಮುಂದೆ ಹೋಗುವವರು ಬಹಳ. ಯಾವ ಪರೀಕ್ಷೆ ಆರಿಸಿದರೂ, ಇಂಥ ವಾಕ್ಯಗಳ ಮೇಲೆ ಪ್ರಶ್ನೆ ಇದೆಯಾ ನೋಡಿ.

ಕೈಯಲ್ಲಿರುವ ಹಳೇ ಅಂಕ: ಸಿಇಟಿ-4, ಸಿಇಟಿ-6

ನಮ್ಮ ಸಿಇಟಿ ಅಲ್ಲ. ಇದು ಚೀನಾದ ಕಾಲೇಜ್ ಇಂಗ್ಲಿಷ್ ಟೆಸ್ಟ್, 1987ರಲ್ಲಿ ಶುರುವಾಯಿತು. ಅಲ್ಲಿ ಜನ 'ಸ-ಜಿ', 'ಲ್ಯು-ಜಿ' ಅನ್ನುತ್ತಾರೆ, ಅಂದರೆ ನಾಲ್ಕನೇ ಹಂತ, ಆರನೇ ಹಂತ. ಪದವಿ ಓದಿದ ಬಹುತೇಕರ ಹತ್ತಿರ ನಾಲ್ಕನೆಯದರ ಅಂಕ ಇರುತ್ತದೆ. ಒಟ್ಟು 710, ಅದರಲ್ಲಿ 425 ದಾಟಿದರೆ ಪಾಸ್ ಅಂತ ಲೆಕ್ಕ.

ಖರ್ಚು ಸೊನ್ನೆ, ಅದೇ ಇದರ ದೊಡ್ಡ ಗುಣ. ಆದರೆ ಒಟ್ಟು ಅಂಕ ನೋಡಬೇಡಿ. ಅಂಕಪಟ್ಟಿಯಲ್ಲಿ ಓದಿನದ್ದು ಬೇರೆಯಾಗಿ ಇರುತ್ತದೆ, ಪೂರ್ತಿ ಅಂಕದ 35 ಶೇಕಡಾ, ಅಂದರೆ ಸುಮಾರು 249. ಅದನ್ನು ಕೇಳಿ ತೆಗೆದುಕೊಳ್ಳಿ. ಆ ಭಾಗದಲ್ಲಿ ಹದಿನೈದು ಪದಗಳಲ್ಲಿ ಹತ್ತನ್ನು ಆರಿಸಿ ಖಾಲಿ ಜಾಗ ತುಂಬೋದು, ಉದ್ದದ ಲೇಖನದಲ್ಲಿ ಯಾವ ಮಾತು ಯಾವ ಪ್ಯಾರಾದಲ್ಲಿದೆ ಅಂತ ಹುಡುಕೋದು, ಆಮೇಲೆ ಎರಡು ಪಾಠಕ್ಕೆ ಐದೈದು ಆಯ್ಕೆ ಪ್ರಶ್ನೆ ಇರುತ್ತವೆ. ಪರೀಕ್ಷೆ ಕೆಟ್ಟದ್ದೇನಲ್ಲ. ತೊಂದರೆ ಏನೆಂದರೆ ಅದು ಇಪ್ಪತ್ತರ ಹರೆಯದ ಓದು. ಮೂವತ್ತೈದು ವರ್ಷದ ಮನುಷ್ಯ ಇವತ್ತು ಹೇಗೆ ಓದುತ್ತಾನೆ ಅನ್ನೋದು ಅದರಲ್ಲಿ ಇಲ್ಲ. ಮತ್ತೆ ಬರೆಯಿರಿ ಅನ್ನಲೂ ಆಗುವುದಿಲ್ಲ, ಅದನ್ನು ಕಾಲೇಜಿನಲ್ಲಿ ಓದುತ್ತಿರುವವರು ಮಾತ್ರ ಬರೆಯಬಹುದು. ಮೊದಲ ಅಂದಾಜಿಗೆ ಸಾಕು, ಅಷ್ಟೇ.

ಐಇಎಲ್‌ಟಿಎಸ್

ಚೀನಾದಲ್ಲಿ ಇದರ ಹೆಸರು 'ಯಾ-ಸ'. ಓದಿನ ಭಾಗ 60 ನಿಮಿಷ, 40 ಪ್ರಶ್ನೆ. ಒಬ್ಬರಿಗೆ 2,000 ಯುವಾನ್‌ಗೂ ಮೇಲೆ ಖರ್ಚು. ಕೇಳೋದು, ಓದೋದು, ಬರೆಯೋದು, ಮಾತಾಡೋದು ಅಂತ ನಾಲ್ಕೂ ಭಾಗ ಮಾಡಲೇಬೇಕು, ಓದು ಮಾತ್ರ ಸಾಕು ಅಂದರೆ ಕೊಡುವುದಿಲ್ಲ.

ವೀಸಾ, ವಿದೇಶಿ ಕಾಲೇಜು ಅಂದರೆ ಬೇರೆ ಯೋಚನೆ ಬೇಡ, ಇಂಥದ್ದೇ ಬೇಕು. ಚೀನಾ 2018ರಲ್ಲಿ ಒಂಬತ್ತು ಹಂತಗಳ ತನ್ನದೇ ಇಂಗ್ಲಿಷ್ ಅಳತೆಗೋಲು ತಂದಿತು. ಮರುವರ್ಷ ಐಇಎಲ್‌ಟಿಎಸ್ ಅಂಕವನ್ನು ಅದಕ್ಕೆ ಹೊಂದಿಸಿದರು, ಹಾಗಾಗಿ ಅಲ್ಲಿನ ಎಚ್‌ಆರ್‌ಗಳಿಗೂ ಇದು ಅರ್ಥವಾಗುತ್ತದೆ. ಅಕಾಡೆಮಿಕ್, ಜನರಲ್ ಅಂತ ಎರಡು ಬಗೆ ಇರೋದು ಮಾತ್ರ ನೆನಪಿರಲಿ. ಅಕಾಡೆಮಿಕ್‌ನಲ್ಲಿ 30 ಸರಿ ಬಂದರೆ ಸುಮಾರು 7 ಬ್ಯಾಂಡ್ (ಐಇಎಲ್‌ಟಿಎಸ್ ಕೊಡುವ ದರ್ಜೆ), ಜನರಲ್‌ನಲ್ಲಿ ಅದೇ 30ಕ್ಕೆ ಸುಮಾರು 6. ಇಬ್ಬರ ಅಂಕ ಹೋಲಿಸುವಾಗ ಯಾವ ಬಗೆ ಅಂತ ಕೇಳದೆ ಹೋಲಿಸಬೇಡಿ.

ಇದರಲ್ಲಿ ನನಗೆ ಇಷ್ಟವಾದದ್ದು 'ಟ್ರೂ, ಫಾಲ್ಸ್, ನಾಟ್ ಗಿವನ್' ಪ್ರಶ್ನೆಗಳು. ಪಾಠದಲ್ಲಿ ಹೇಳಿಲ್ಲ ಅನ್ನೋದಕ್ಕೂ ಪಾಠ ಅದನ್ನು ಅಲ್ಲಗಳೆಯುತ್ತದೆ ಅನ್ನೋದಕ್ಕೂ ವ್ಯತ್ಯಾಸ ಹಿಡಿಯಬೇಕು. ಸ್ವಂತ ಜ್ಞಾನದಿಂದ ಉತ್ತರ ಬರೆಯುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ನಮ್ಮ ಎಂಜಿನಿಯರ್‌ಗಳು ಇದನ್ನು ನೋಡಿದರೆ ಸಾಕು, ಹಲ್ಲು ಕಡಿಯುತ್ತಿದ್ದರು. ಆದರೆ ಕಂಪನಿಯೊಳಗೆ ಬ್ಯಾಚ್ ಮಾಡೋದಕ್ಕೆ ಮೂವತ್ತು ಜನರಿಗೆ ಇದನ್ನು ಬರೆಸೋದು ಅಂದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಟೋಯಿಕ್, ಲಿಂಗ್ವಾಸ್ಕಿಲ್

ಟೋಯಿಕ್ ಆಫೀಸಿನ ಇಂಗ್ಲಿಷ್‌ಗೆ ಹೊಲಿದ ಅಂಗಿ. ಓದಿಗೆ 75 ನಿಮಿಷ, 100 ಪ್ರಶ್ನೆ. ಇಮೇಲ್, ನೋಟಿಸ್, ಜಾಹೀರಾತು, ಚಾಟ್ ಎಲ್ಲ ಬರುತ್ತವೆ. ಎರಡು ಮೂರು ಕಾಗದ ಒಟ್ಟಿಗೆ ಕೊಟ್ಟು ಒಂದರ ಮಾಹಿತಿಯನ್ನು ಇನ್ನೊಂದರ ಜೊತೆ ಜೋಡಿಸಿ ಉತ್ತರಿಸಬೇಕಾದ ಪ್ರಶ್ನೆಗಳು ನಿಜಕ್ಕೂ ಒಳ್ಳೆಯವು, ಕೆಲಸದಲ್ಲಿ ನಾವು ಮಾಡೋದು ಅದನ್ನೇ ಅಲ್ವಾ. ಆದರೆ ನೂರರಲ್ಲಿ 46 ಪ್ರಶ್ನೆ ಖಾಲಿ ಜಾಗ ತುಂಬುವವು. ವ್ಯಾಕರಣ ಉಜ್ಜಿದವರಿಗೆ ಅಲ್ಲಿ ಅಂಕ ಸುಲಭ. ಎಲ್ಲವೂ ಆಯ್ಕೆ ಪ್ರಶ್ನೆಗಳೇ, ತಪ್ಪಿಗೆ ಅಂಕ ಕಳೆಯುವುದೂ ಇಲ್ಲ.

ಕೇಂಬ್ರಿಜ್‌ನ ಲಿಂಗ್ವಾಸ್ಕಿಲ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಉತ್ತರ ನೋಡಿ ಮುಂದಿನ ಪ್ರಶ್ನೆಯ ಮಟ್ಟ ಏರಿಳಿಸುತ್ತದೆ. ಒಂದೇ ಬ್ಯಾಚಿನಲ್ಲಿ ತೀರ ಹೊಸಬರೂ ಪಳಗಿದವರೂ ಇದ್ದರೆ ಇದು ಅನುಕೂಲ, ಯಾರಿಗೂ ಅವಮಾನ ಆಗುವುದಿಲ್ಲ. ಚೀನಾದಲ್ಲಿ ದೊಡ್ಡವರ ಜೊತೆ ಕೆಲಸ ಮಾಡುವಾಗ ಅವರ ಮರ್ಯಾದೆ ಉಳಿಸೋದು ದೊಡ್ಡ ಸಂಗತಿ. ಮ್ಯಾನೇಜರ್‌ಗಿಂತ ಅವರ ಕೆಳಗಿನವರಿಗೆ ಜಾಸ್ತಿ ಅಂಕ ಬಂದ ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಮುಂದಿನ ವಾರ ಕ್ಲಾಸಿಗೆ ಅರ್ಧ ಜನ ಬರುವುದಿಲ್ಲ. ನಾನು ಅಂಟಿಸಿದ್ದೆ, ಗೊತ್ತು.

ಕಂಪನಿ ದುಡ್ಡು ಕೊಡುತ್ತದೆ, ವರ್ಷಕ್ಕೊಮ್ಮೆ ಒಂದು ಸಂಖ್ಯೆ ಬೇಕು, ತಿದ್ದಲು ಜನ ಇಲ್ಲ ಅಂದರೆ ಇವೆರಡರಲ್ಲಿ ಒಂದು. ಎಲ್ಲಿ ಎಡವುತ್ತಾರೆ ಅಂತ ತಿಳಿಯಲು ಮಾತ್ರ ಎರಡೂ ಅಷ್ಟಕ್ಕಷ್ಟೇ.

ನೀವೇ ಮಾಡುವ ಆಯ್ಕೆ ಪ್ರಶ್ನೆ

ಮಾಡಲು ಸುಲಭ ಅನ್ನಿಸುತ್ತದೆ, ಚೆನ್ನಾಗಿ ಮಾಡೋದು ಬಹಳ ಕಷ್ಟ. ಮಾಡಲೇಬೇಕು ಅಂದರೆ ಒಂದು ಉಪಾಯ. ಪಾಠ ಕೊಡದೆ ಬರೀ ಪ್ರಶ್ನೆಗಳನ್ನು ಇಬ್ಬರು ಮೂವರಿಗೆ ಕೊಡಿ. ಇಪ್ಪತ್ತು ಪ್ರಶ್ನೆಗೆ ಕುರುಡು ಅದೃಷ್ಟಕ್ಕೇ ಐದು ಸರಿ ಬರಬೇಕು. ಅವರಿಗೆ ಹತ್ತು ಬಂತು ಅಂದರೆ ಪತ್ರಿಕೆ ಹರಿದು ಹಾಕಿ. ಉತ್ತರದ ಪದ ಪಾಠದಲ್ಲಿ ಇದ್ದ ಹಾಗೇ ಇರಬಾರದು, ಅವರು ಪದಕ್ಕೆ ಪದ ಹೊಂದಿಸಿ ಹಿಡಿದುಬಿಡುತ್ತಾರೆ.

ಖಾಲಿ ಜಾಗ ತುಂಬುವ ಕ್ಲೋಜ್

ಬರಹದಲ್ಲಿ ನಡುನಡುವೆ ಪದ ಅಳಿಸಿ, ಓದುವವರಿಂದ ತುಂಬಿಸೋದೇ ಕ್ಲೋಜ್. 1953ರಲ್ಲಿ ವಿಲ್ಸನ್ ಟೇಲರ್ ಅನ್ನುವ ಅಮೆರಿಕದ ಸಂಶೋಧಕರು ಇದನ್ನು ತಂದಾಗ ಉದ್ದೇಶವೇ ಬೇರೆ ಇತ್ತು. ಒಂದು ಬರಹ ಓದಲು ಎಷ್ಟು ಕಷ್ಟ ಅಂತ ಅಳೆಯೋದಕ್ಕೆ. ಆಮೇಲೆ ಭಾಷೆ ಕಲಿಯುವವರ ಪರೀಕ್ಷೆಯಾಯಿತು. ಅರ್ಧ ಗಂಟೆಯಲ್ಲಿ ತಯಾರಾಗುತ್ತದೆ, ದುಡ್ಡು ಬೇಡ, ತಿದ್ದೋದೂ ಬೇಗ. ಚೀನಾದಲ್ಲಿ ಶಾಲೆಯಿಂದಲೇ ಅಭ್ಯಾಸ ಇರುವುದರಿಂದ ವಿವರಿಸುವ ಗೋಜೂ ಇಲ್ಲ.

ಆದರೆ ಕಣ್ಣು ಮುಚ್ಚಿ ಪ್ರತಿ ಏಳನೇ ಪದ ಅಳಿಸುತ್ತಾ ಹೋದರೆ 'ಎ', 'ದಿ', 'ಆಫ್', 'ಇನ್' ಇವೇ ಜಾಸ್ತಿ ಅಳಿಸಿಹೋಗುತ್ತವೆ. ಚೀನೀ ಭಾಷೆಯಲ್ಲಿ 'ಎ', 'ದಿ' ಇಲ್ಲ, ನಮ್ಮಲ್ಲೂ ಇಲ್ಲ. ಪಾಠ ಪೂರ್ತಿ ಅರ್ಥವಾದವರೂ ಅಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಅದರ ಬದಲು ಅರ್ಥ ಹೊತ್ತ ಪದಗಳನ್ನು ನೀವೇ ಆರಿಸಿ ಅಳಿಸಿ. 'ಅನ್‌ಲೆಸ್', 'ಆಲ್‌ದೋ', 'ಇನ್‌ಸ್ಟೆಡ್', 'ದೇರ್‌ಫೋರ್' ಇಂಥವು. ಹಿಂದಿನ ವಾಕ್ಯ ಓದದೆ ತುಂಬಲಾಗದ ಜಾಗ ಇದ್ದರೆ ಇನ್ನೂ ಒಳ್ಳೆಯದು. ಬ್ಯಾಚ್ ವಿಂಗಡಿಸಲು, ಕೈ ಬಿಗಿ ಇದ್ದಾಗ, ನನ್ನ ಮೊದಲ ಆಯ್ಕೆ ಇದೇ.

ಓದಿ, ಮುಚ್ಚಿಟ್ಟು, ಚೀನೀ ಭಾಷೆಯಲ್ಲಿ ಬರೆಯಿರಿ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ನನಗೆ ಕಣ್ಣು ತೆರೆಸಿದ್ದು ಇದೇ. ಅಮೆರಿಕದ ಸಂಶೋಧಕಿ ಎಲಿಜಬೆತ್ ಬರ್ನ್‌ಹಾರ್ಟ್ ವಿದೇಶಿ ಭಾಷೆ ಓದುವವರ ಮೇಲೆ ಈ ವಿಧಾನವನ್ನು ಬಹಳ ಬಳಸಿದವರು. ಓದುಗರು ಪಾಠ ಓದುತ್ತಾರೆ, ಮುಚ್ಚುತ್ತಾರೆ, ನೆನಪಿರುವುದನ್ನೆಲ್ಲ ತಮ್ಮ ಭಾಷೆಯಲ್ಲಿ ಬರೆಯುತ್ತಾರೆ. ಪ್ರಶ್ನೆಯೇ ಇಲ್ಲ, ಹಾಗಾಗಿ ಸುಳಿವೂ ಇಲ್ಲ. ಪ್ರಾಸ ಹಾಕೋದು ಎಲ್ಲಿಗೆ?

ತಮ್ಮ ಭಾಷೆಯಲ್ಲೇ ಯಾಕೆ ಅಂದರೆ, ಇಂಗ್ಲಿಷ್‌ನಲ್ಲಿ ಬರೆಸಿದರೆ ಓದಿನ ಜೊತೆ ಬರವಣಿಗೆಯೂ ಸೇರಿಕೊಳ್ಳುತ್ತದೆ. ಚೆನ್ನಾಗಿ ಅರ್ಥವಾದವರು ಬರೆಯಲಾಗದೆ ಸೋಲುತ್ತಾರೆ. ಅರ್ಥವಾಗದವರು ಪಾಠದ ವಾಕ್ಯಗಳನ್ನೇ ಎತ್ತಿಟ್ಟು ಗೆಲ್ಲುತ್ತಾರೆ. ಚೀನೀ ಭಾಷೆಯಲ್ಲಿ ಬರೆಸಿದಾಗ ಒಬ್ಬರ ಕಥೆ ನನಗೆ ಇನ್ನೂ ನೆನಪಿದೆ. ಆಯ್ಕೆ ಪ್ರಶ್ನೆಯಲ್ಲಿ ಯಾವಾಗಲೂ ಕೊನೆಯವರು, ಗೋದಾಮು ನೋಡಿಕೊಳ್ಳುತ್ತಿದ್ದರು, ಕಾಲೇಜು ಓದಿರಲಿಲ್ಲ. ಒಂದು ಪುಟ ಪೂರ್ತಿ ಬರೆದರು. ನನ್ನ ಸಹೋದ್ಯೋಗಿ ಅದನ್ನು ಓದಿ ಹೇಳುತ್ತಾ ಹೋದಂತೆ, ಪಾಠದ ಒಂದೊಂದು ಅಂಶವೂ ಅದರಲ್ಲಿತ್ತು. ಅವರಿಗೆ ಬಾರದೇ ಇದ್ದದ್ದು ಪರೀಕ್ಷೆ, ಓದಲ್ಲ.

ಅಂಕ ಕೊಡೋದು ಹೀಗೆ: ಪಾಠವನ್ನು ಮೊದಲೇ ಸಣ್ಣ ಸಣ್ಣ ಅಂಶಗಳಾಗಿ ಒಡೆದುಕೊಳ್ಳಿ, ಇನ್ನೂರು ಪದದ ಪಾಠದಲ್ಲಿ ಮೂವತ್ತು ನಲವತ್ತು ಸಿಗುತ್ತವೆ. ಮುಖ್ಯವಾದದ್ದಕ್ಕೆ ಜಾಸ್ತಿ, ಚಿಲ್ಲರೆಗೆ ಕಡಿಮೆ. ಉಲ್ಟಾ ಅರ್ಥ ಬರೆದರೆ ಬೇರೆ ಬಣ್ಣದಲ್ಲಿ ಗುರುತು ಮಾಡಿ, ಪಾಠ ಮಾಡುವಾಗ ಅದೇ ಬಂಡವಾಳ.

ಕಷ್ಟ ಏನೆಂದರೆ ಚೀನೀ ಬಲ್ಲವರು ಬೇಕು, ಸಾಧ್ಯವಾದರೆ ಇಬ್ಬರು, ಒಬ್ಬರ ತಿದ್ದುವಿಕೆಯನ್ನು ಇನ್ನೊಬ್ಬರು ನೋಡಲಿ. ಅನುವಾದದ ಆ್ಯಪ್ ಹಾಕಿ ತಿದ್ದಬಹುದಲ್ವಾ ಅಂತ ಕೇಳುತ್ತಾರೆ. ಆ್ಯಪ್ ಕೆಲವೊಮ್ಮೆ ತಪ್ಪು ವಾಕ್ಯವನ್ನೂ ನೀಟಾಗಿ ಇಸ್ತ್ರಿ ಮಾಡಿ ಕೊಡುತ್ತದೆ, ಆಗ ನಿಮಗೆ ಬೇಕಾದ ತಪ್ಪೇ ಮಾಯ. ಇನ್ನೊಂದು, ಇದರಲ್ಲಿ ನೆನಪಿನ ಶಕ್ತಿಯೂ ಸೇರುತ್ತದೆ. ಪಾಠ ಚಿಕ್ಕದಿರಲಿ. ಇಲ್ಲವೇ ಪಾಠ ಎದುರಿಗೇ ಇಟ್ಟು, ಇಂಗ್ಲಿಷ್ ಪಾಠಕ್ಕೆ ಚೀನೀ ಭಾಷೆಯಲ್ಲಿ ಪ್ರಶ್ನೆ ಕೇಳಿ ಚೀನೀಯಲ್ಲೇ ಚಿಕ್ಕ ಉತ್ತರ ಬರೆಸಿ. ಮೂವತ್ತು ಜನರಿದ್ದರೆ ಇದೇ ಸಾಧ್ಯವಾಗುವ ದಾರಿ.

ಪದಗಳ ಬಗ್ಗೆ ಒಂದು ಮಾತು. ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಬೇಕಾದರೆ ಪಾಠದ ಪದಗಳಲ್ಲಿ ಸುಮಾರು 98 ಶೇಕಡಾ ಗೊತ್ತಿರಬೇಕು ಅಂತ 2000ದಲ್ಲಿ ಬಂದ ಹೂ ಮತ್ತು ನೇಷನ್ ಅನ್ನುವ ಇಬ್ಬರು ಸಂಶೋಧಕರ ಅಧ್ಯಯನ ಹೇಳುತ್ತದೆ. ಅಂದರೆ ಐವತ್ತಕ್ಕೆ ಒಂದು ಹೊಸ ಪದ. ಚೀನೀಯಲ್ಲಿ ಹೊಸ ಪದಕ್ಕೆ 'ಷಂಗ್ ತ್ಸ' ಅನ್ನುತ್ತಾರೆ, 'ಹಸಿ ಪದ' ಅಂದ ಹಾಗೆ. ಪರೀಕ್ಷೆಗೆ ಮುಂಚೆ ಪಾಠ ಕೊಟ್ಟು ಹಸಿ ಪದಗಳ ಕೆಳಗೆ ಗೆರೆ ಎಳೆಯಲು ಹೇಳಿ. ಸಾಲಿಗೆ ಎರಡು ಗೆರೆ ಬಿದ್ದರೆ ಆ ಪಾಠ ಓದಿನ ಪರೀಕ್ಷೆಗೆ ಆಗುವುದಿಲ್ಲ, ಪದಗಳ ಪರೀಕ್ಷೆ ಆಗುತ್ತದೆ. ಡಿಕ್ಷನರಿ ಬಿಡಬೇಕಾ? ಕೆಲಸದಲ್ಲಿ ಎಲ್ಲರ ಫೋನಿನಲ್ಲೂ ಇರುತ್ತದೆ. ಒಂದು ಪಾಠಕ್ಕೆ ಬಿಡಿ, ಒಂದಕ್ಕೆ ಬಿಡಬೇಡಿ, ವ್ಯತ್ಯಾಸ ನೋಡಿ. ಆದರೆ ಮನೆಯಿಂದ ಆನ್‌ಲೈನ್‌ನಲ್ಲಿ ಬರೆಯುವ ಪರೀಕ್ಷೆಯಾದರೆ ಇಡೀ ಪಾಠಕ್ಕೆ ಕ್ಯಾಮೆರಾ ಹಿಡಿದರೆ ಸಾಕು, ಚೀನೀ ಅನುವಾದ ಬಂದುಬಿಡುತ್ತದೆ. ಅದನ್ನು ತಡೆಯಲು ಆಗದಿದ್ದರೆ ಎದುರಿಗೆ ಕೂರಿಸಿಯೇ ಬರೆಸಿ.

ಹಾಗಾದರೆ ಕೇಳಿದವರಿಗೆ

ಶೆಂಜೆನ್ ಟೀಮಿನವರಿಗೆ ನಾನು ಹೇಳಿದ್ದು ಇದು. ಹಳೇ ಸಿಇಟಿಯ ಓದಿನ ಅಂಕ ತರಿಸಿ, ನಿಮ್ಮ ಬಗ್ ರಿಪೋರ್ಟ್‌ಗಳಿಂದಲೇ ಎರಡು ಕ್ಲೋಜ್ ಮಾಡಿ, ಬ್ಯಾಚ್ ವಿಂಗಡಿಸಿ. ಎರಡು ಬ್ಯಾಚಿನ ಗಡಿಯಲ್ಲಿ ಇರುವ ಐದಾರು ಜನರಿಂದ ಮಾತ್ರ ಓದಿದ್ದನ್ನು ಚೀನೀ ಭಾಷೆಯಲ್ಲಿ ಹೇಳಿಸಿ, ಅಲ್ಲೇ ಇರುವ ಟೀಮ್ ಲೀಡ್ ಕೇಳಲಿ. ಮ್ಯಾನೇಜ್‌ಮೆಂಟ್‌ಗೆ ಅಚ್ಚಾದ ಅಂಕವೇ ಬೇಕು ಅಂದರೆ ಆಗ ಟೋಯಿಕ್. ಪಿಎಚ್‌ಡಿ ಹುಡುಗಿಗೆ, ಒಂದೇ ವಿಧಾನ ನಂಬಬೇಡಮ್ಮ ಅಂದೆ. ಅದೇ ಜನರಿಗೆ ಅದೇ ಮಟ್ಟದ ಪಾಠದ ಮೇಲೆ ಆಯ್ಕೆ ಪ್ರಶ್ನೆಯನ್ನೂ ಚೀನೀ ಬರವಣಿಗೆಯನ್ನೂ ಮಾಡಿಸು. ಎರಡರಲ್ಲಿ ಯಾರ ಸ್ಥಾನ ಮೇಲೆ ಕೆಳಗೆ ಆಯಿತು ಅನ್ನೋದೇ ನಿನಗೆ ಒಂದು ಅಧ್ಯಾಯ ಆಗುತ್ತೆ.

ಶಾಂಘೈ ಅಜ್ಜಿಗೆ ಇದ್ಯಾವುದೂ ಬೇಡ. ಅವರ ಮೊಮ್ಮಗ ವ್ಯಾಂಕೂವರ್‌ನಲ್ಲಿ ಓದುತ್ತಾನೆ, ಶಾಲೆಯಿಂದ ಬರುವ ಇಮೇಲ್‌ಗಳನ್ನು ಮಗಳು ಅಜ್ಜಿಗೂ ಕಳಿಸುತ್ತಾಳೆ, ಅಜ್ಜಿಗೆ ಅವನ್ನು ತಾನೇ ಓದಬೇಕು ಅಂತ ಆಸೆ. ಅದೇ ಇಮೇಲ್ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ, ಶುಕ್ರವಾರ ಹುಡುಗ ಎಷ್ಟು ಗಂಟೆಗೆ ಮನೆಗೆ ಬರುತ್ತಾನೆ ಅಂತ ಕೇಳಿ ಅಂದೆ. ಹೋದ ವಾರ ಆ ಹಾಸನದವರು ಫೋನ್ ಮಾಡಿದ್ದರು. 'ಅರ್ಲಿ ಡಿಸ್‌ಮಿಸಲ್' ಅಂತ ಇತ್ತಂತೆ. ಅಜ್ಜಿ ಡಿಕ್ಷನರಿ ನೋಡಿ, ಪಾಪ ಶಾಲೆಯಲ್ಲಿ ಯಾರನ್ನೋ ಅವಧಿಗೆ ಮುಂಚೆಯೇ ಕೆಲಸದಿಂದ ತೆಗೆದಿದ್ದಾರೆ ಅಂತ ಬೇಜಾರು ಮಾಡಿಕೊಂಡರಂತೆ. ಆಮೇಲೆ ಕೆಳಗಿನ ಸಾಲಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಅಂತ ಇರೋದು ಓದಿ, ಮತ್ತೆ ಮೇಲಿನ ಸಾಲಿಗೆ ಹೋಗಿ, ಯಾರೂ ಹೇಳಿಕೊಡದೆ ತಾವೇ ತಿದ್ದಿಕೊಂಡರಂತೆ.